ಕಿರುಗಂಟೆ ಕೊಯ್ಯದ ನೇಸಾ

ನೇಸಾ ಹುಟ್ಟಿದ ದಿನ ಸೂಲಗಿತ್ತಿಗೆ ಸರಿಯಾಗಿ ಕಣ್ಣು ಕಾಣಲಿಲ್ಲವಂತೆ. ಆಡಿನ ಮರಿಯನ್ನು ತೊಟ್ಟಿಲಲ್ಲಿ ಮಲಗಿಸಿ, ಕೂಸನ್ನು ಕೊಟ್ಟಿಗೆಯಲ್ಲಿ ಬಿಟ್ಟು ಮನೆಗೆ ಹೋದಳಂತೆ. ನಮ್ಮೂರವರು ಹೇಳುತ್ತಿದ್ದ ಮಾತು ಇದು. ಇಗರ್ಜಿಯ ಗಂಟೆ ಬಾರಿಸುವ ಜಾಕೆನ್ ಇದಕ್ಕೊಂದು ಬಾಲ ಅಂಟಿಸುತ್ತಿದ್ದ: "ತೊಟ್ಟಿಲಿನ ಮರಿ ಬೆಳೆದು ದೊಡ್ಡದಾಗಿ, ಮದುವೆಯಾಗಿ, ಸಂಸಾರ ಮಾಡ್ತು. ಕೊಟ್ಟಿಗೇಲಿದ್ದದ್ದು ಮಾತ್ರ ಇವತ್ತಿನವರೆಗೂ ಯಾರ ಕೈಗೂ ಸಿಕ್ಕಿಲ್ಲ."

ಕೆಳಬೀದಿಯ ಹೆಂಗಸರಿಗೆ ಅವಳ ಬಾಯಿಯ ಭಯ. "ಅವಳು ಹೊಸ್ತಿಲಲ್ಲಿ ನಿಂತು ಎರಡು ಮಾತಾಡಿದರೆ ಒಳಗೆ ಒಲೆ ಮೇಲಿನ ಹಾಲು ಒಡೆದು ಹೋಗುತ್ತೆ" ಎನ್ನುತ್ತಿದ್ದರು. ನಮ್ಮಮ್ಮ ಅದನ್ನು ಕೇಳಿ, "ಒಡೆದರೆ ಒಡೀಲಿ ಬಿಡ್ರೇ, ಚೀಸ್ ಮಾಡಿಕೊಂಡರಾಯ್ತು" ಎಂದು ನಗುತ್ತಿದ್ದಳು.

ಆದರೆ ಜನ ಹೆಚ್ಚಾಗಿ ಆಡುತ್ತಿದ್ದದ್ದು ಅವಳ ಕೊರಳಿನ ಮಾತು. ನೇಸಾಳಿಗೆ ಗಳಗಂಡವಿತ್ತು, ಮುಷ್ಟಿಯಷ್ಟು ದಪ್ಪ. ರೈನ್ ನದಿ ಇನ್ನೂ ಹಳ್ಳದ ಹಾಗೆ ಹಾರಿ ದಾಟುವಷ್ಟು ಕಿರಿದಾಗಿರುವ ನಮ್ಮ ಕಣಿವೆಯಲ್ಲಿ ಆಗ ಅದು ಯಾರ ಮನೆಯಲ್ಲಿ ಇರಲಿಲ್ಲ ಹೇಳಿ! ಉಪ್ಪಿಗೆ ಔಷಧಿ ಬೆರೆಸಿ ಮಾರುವುದು ಶುರುವಾದದ್ದು ಆಮೇಲಿನ ಮಾತು. ಹೆಂಗಸರು ಕಪ್ಪು ಮಖಮಲ್ಲಿನ ಅಗಲವಾದ ಪಟ್ಟಿ ಸುತ್ತಿ, ಬೆಳ್ಳಿಯ ಕೊಂಡಿ ಹಾಕಿ, ಅದನ್ನು ಮುಚ್ಚಿಕೊಂಡು ಇಗರ್ಜಿಗೆ ಹೋಗುತ್ತಿದ್ದರು. ನೇಸಾಳಿಗೂ ಅವಳ ತಾಯಿ ಒಂದು ಪಟ್ಟಿ ಕಟ್ಟಿದ್ದಳು. ಹುಡುಗಿ ಹಬ್ಬದ ಮೆರವಣಿಗೆಯ ಮಧ್ಯದಲ್ಲಿಯೇ "ಇದನ್ನ ಕಟ್ಟಿಕೊಂಡು ನಾನು ಉಸಿರಾಡಲೋ ಹಾಡಲೋ?" ಎಂದು ಬಿಚ್ಚಿದಳು. ಬಿಚ್ಚಿ ಸುಮ್ಮನಿದ್ದಳೇ? ಬೇಲಿಗೆ ಕಟ್ಟಿಹಾಕಿದ್ದ ಪಾದ್ರಿಗಳ ಆಡಿನ ಕೊರಳಿಗೆ ಕಟ್ಟಿದಳು. ಆಡಿಗೆ ಅದು ಚೆನ್ನಾಗಿಯೇ ಒಪ್ಪಿತ್ತಂತೆ. ಅಂದಿನಿಂದ ಅವಳ ಕೊರಳು ಬಿಸಿಲು ಗಾಳಿಗೆ ತೆರೆದೇ ಇತ್ತು.

ಊರ ಆಡುಗಳನ್ನು ಕಾಯುವ ಕೆಲಸ ಅವಳಿಗೆ ಸಿಕ್ಕಿದ್ದೂ ಯಾರೂ ಕೊಟ್ಟು ಅಲ್ಲ. ಪಕ್ಕದ ಕಣಿವೆಯಿಂದ ಗೊತ್ತುಮಾಡಿಕೊಂಡು ಬಂದಿದ್ದ ಗಂಡಾಳು ಮೊದಲ ಆಲಿಕಲ್ಲಿಗೆ ಓಡಿಹೋದ. ಹಿರಿಯರು ಸಭೆ ಸೇರಿ ಯಾರನ್ನು ಕರೆಯುವುದೆಂದು ತಲೆ ಕೆರೆದುಕೊಳ್ಳುತ್ತಿರುವಾಗ ನೇಸಾ ಗೋಡೆಯ ಮೇಲಿದ್ದ ಕೊಂಬನ್ನು ತೆಗೆದು ಊದಿಕೊಂಡು ಹೊರಟೇಬಿಟ್ಟಳು. ಕೊಟ್ಟಿಗೆ ಕೊಟ್ಟಿಗೆಯಿಂದ ಆಡುಗಳು ಹೊರಬಿದ್ದು ಅವಳ ಹಿಂದೆ ನಡೆದವು. ಸಂಜೆ ಒಂದೂ ತಪ್ಪದೆ ಮನೆ ಸೇರಿದವು. ಹಿರಿಯರು ಮತ್ತೆ ಸಭೆ ಸೇರಲಿಲ್ಲ. ನಮ್ಮ ಸುರ್‌ಪ್ಲೌನ್ ಊರಿನ ನಡುವೆ, ನೀರಿನ ಮರದ ತೊಟ್ಟಿಯ ಎದುರಿಗೆ, ಕಾಯುವವರಿಗೆಂದೇ ಊರು ಕಟ್ಟಿಸಿದ ಮನೆಯೊಂದಿತ್ತು. ಕೆಳಗೆ ಊರ ಹೋತದ ಕೊಟ್ಟಿಗೆ, ಮೇಲೆ ಎರಡು ಕೋಣೆ, ಒಂದು ಕಲ್ಲಿನ ಒಲೆ. ಆ ಮನೆಗೆ ನೇಸಾ ಬಂದಳು. ಅಲ್ಲಿಯೇ ಅವಳ ಕೂದಲು ನೆರೆಯಿತು.

ಕಾಯುವವರಿಗೆ ಊಟ ಊರಿನದು. ಸರದಿಯ ಮೇಲೆ ಒಂದೊಂದು ಮನೆಯವರು ಹಾಕಬೇಕು. ಯಾವ ಮನೆಯಲ್ಲಿ ಎಷ್ಟು ಆಡೋ ಅಷ್ಟು ದಿನ. ಹೀಗಾಗಿ ಊರಿನ ಎಲ್ಲ ಮನೆಗಳ ಒಳಗುಟ್ಟೂ ನೇಸಾಳ ನಾಲಗೆಗೆ ಗೊತ್ತಿತ್ತು. ನಮ್ಮ ಮನೆಗೆ ಬಂದಾಗ ಅಮ್ಮ ಆಲೂಗಡ್ಡೆ ಹುರಿದು, ಮೇಲೆ ಸೇಬಿನ ಗೊಜ್ಜು ಹಾಕಿ ಕೊಡುತ್ತಿದ್ದಳು. ನೇಸಾ ತಟ್ಟೆ ನೆಕ್ಕುತ್ತ ಹಿಂದಿನ ಮನೆಯ ವರದಿ ಒಪ್ಪಿಸುತ್ತಿದ್ದಳು.

"ಮುರೇತ್ಸಿ ಮನೆಯ ಗಂಜೀಲಿ ಬಾರ್ಲಿ ಕಾಳುಗಳು ಎಷ್ಟು ದೂರ ದೂರ ಇರ್ತವೆ ಅಂದ್ರೆ, ಒಂದು ಕಾಳು ಕೊಂಬು ಊದಿ ಕರೆದರೂ ಇನ್ನೊಂದಕ್ಕೆ ಕೇಳಿಸಲ್ಲ ಕಣೇ."

ಈ ಮುರೇತ್ಸಿ ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಆಡುಗಳಿದ್ದವನು. ಅವನ ಮನೆಯ ಗಂಜಿಯನ್ನು ನೇಸಾ ಎಲ್ಲರಿಗಿಂತ ಹೆಚ್ಚು ದಿನ ಕುಡಿಯಬೇಕಾಗಿತ್ತು. ಅವಳ ಸಿಟ್ಟು ಅಲ್ಲಿಂದಲೇ ಶುರುವಾಯಿತು ಎನ್ನುವವರಿದ್ದಾರೆ. ಅಲ್ಲ. ಸಿಟ್ಟು ಶುರುವಾದದ್ದು ಕಿರುಗಂಟೆಯಿಂದ.

ಆಡಿನ ಗಂಟಲಿನ ಕೆಳಗೆ ಎರಡು ಜೋತಾಡುತ್ತವಲ್ಲ, ಬೆರಳುದ್ದದ, ರೋಮ ಹೊದ್ದ ಮೆತ್ತನೆಯ ತುಂಡುಗಳು, ಅವಕ್ಕೆ ನಮ್ಮ ಕಡೆ ಕಿರುಗಂಟೆ ಎನ್ನುತ್ತೇವೆ. ಸದ್ದು ಮಾಡದ ಗಂಟೆ. ಎಲ್ಲ ಆಡಿಗೂ ಇರುವುದಿಲ್ಲ. ಇದ್ದವಕ್ಕೂ ಒಂದೇ ರೀತಿ ಇರುವುದಿಲ್ಲ. ಮೇಲುಬೀದಿಯ ತುರ್ತೇಯ ಆಡೊಂದಕ್ಕೆ ಒಂದೇ ಇತ್ತು, ಅದೂ ಕಿವಿಯ ಬುಡದಲ್ಲಿ, ಓಲೆ ಹಾಕಿಕೊಂಡ ಹಾಗೆ. ಅದೇನು ಉಪಯೋಗ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಅದಿರುವ ಆಡು ಒಂದು ಬಟ್ಟಲು ಹಾಲು ಹೆಚ್ಚು ಕೊಡುತ್ತದೆಂದು ತುರ್ತೇ ಆಣೆ ಮಾಡುತ್ತಿದ್ದಳು. ಕೊರಳಪಟ್ಟಿ ಸರಿಯಾಗಿ ಕೂರಲು ಬಿಡುವುದಿಲ್ಲ, ಮರಿಗಳು ಮೊಲೆಯೆಂದು ತಿಳಿದು ಒಂದರದ್ದನ್ನೊಂದು ಚೀಪುತ್ತವೆ ಎಂದು ಬೈಯುವವರೂ ಇದ್ದರು. ದೇವರು ಆಡನ್ನು ಮಾಡಿ ಮುಗಿಸಿದ ಮೇಲೆ ಕೈಗೆ ಅಂಟಿದ ಮಣ್ಣನ್ನು ಅಲ್ಲಿ ಒರೆಸಿಕೊಂಡ ಎಂದು ಜಾಕೆನ್ ಹೇಳುತ್ತಿದ್ದ. ನಮ್ಮಮ್ಮ ಮಾತ್ರ ಏನೂ ಹೇಳದೆ, ಹಾಲು ಕರೆದು ಎದ್ದ ಮೇಲೆ ಅವನ್ನು ಎರಡು ಬೆರಳಲ್ಲಿ ಒಮ್ಮೆ ನೇವರಿಸಿ ಬರುತ್ತಿದ್ದಳು. ಯಾಕೆಂದು ಅವಳಿಗೂ ಗೊತ್ತಿರಲಿಲ್ಲ.

ಒಂದು ಶರತ್ಕಾಲ ಮುರೇತ್ಸಿ ತನ್ನ ಒಳ್ಳೊಳ್ಳೆಯ ಆಡುಗಳ ಕೊಂಬಿಗೆ ಎಣ್ಣೆ ಹಚ್ಚಿ, ಕೆಳಗಿನ ಪಟ್ಟಣದ ಆಡಿನ ಪ್ರದರ್ಶನಕ್ಕೆ ಹೊಡೆದುಕೊಂಡು ಹೋದ. ನಮ್ಮ ಆಡುಗಳು ಕಪ್ಪು. ಮುಖದ ಮೇಲೆ ಎರಡು ಬಿಳಿ ಗೆರೆ. ನೋಡಲು ಏನೂ ಕಡಿಮೆಯಿಲ್ಲ. ಆದರೂ ಬಹುಮಾನದ ರಿಬ್ಬನ್ನು ಘಾಟಿಯಾಚೆಯ ಯಾರದೋ ಆಡಿಗೆ ಹೋಯಿತು. ಅದರ ಕೊರಳು ಬೋಳು, ನಯ. ಮುರೇತ್ಸಿ ಬರಿಗೈಯಲ್ಲಿ ಬೆಟ್ಟ ಹತ್ತಿ ಬಂದ. ತಲೆಯ ತುಂಬ ಆ ಬೋಳು ಕೊರಳನ್ನೇ ಹೊತ್ತುಕೊಂಡು ಬಂದ.

"ಕೊರಳಲ್ಲಿ ಹರಕು ಚಿಂದಿ ನೇತುಹಾಕ್ಕೊಂಡು ಹೋದರೆ ನಮ್ಮನ್ನ ಯಾರು ಮೂಸಿ ನೋಡ್ತಾರೆ?" ಎಂದು ಊರ ಸಭೆಯಲ್ಲಿ ಮೇಜು ಗುದ್ದಿದ. "ಇನ್ನು ಮೇಲೆ ಸುರ್‌ಪ್ಲೌನಿನ ಆಡು ಅಂದರೆ ನಯಗೊರಳಿನ ಆಡು ಆಗಬೇಕು. ಹುಟ್ಟಿದ ಮರಿಗಳದ್ದೆಲ್ಲ ಕೊಯ್ಯೋದು."

ಅವನ ಆಡಿನ ಮುಂದೆ ನಮ್ಮ ಆಡೇನು, ಅವನ ಮಾತಿನ ಮುಂದೆ ನಮ್ಮ ಮಾತೇನು ಎಂದು ಎಲ್ಲರೂ ಕೈ ಎತ್ತಿದರು. ನಮ್ಮಪ್ಪನೂ ಎತ್ತಿದ. ಮನೆಗೆ ಬಂದು ಅಮ್ಮನಿಂದ ಬೈಸಿಕೊಂಡ.

ಕೊಯ್ಯುವವರು ಯಾರು? ಅದನ್ನು ಯಾರೂ ಕೇಳಲೂ ಇಲ್ಲ. ವಸಂತದಲ್ಲಿ, ಹೊಸ ಮರಿಗಳು ಮೊದಲ ಸಲ ಮಂದೆಗೆ ಸೇರುವ ಮುಂಚೆ, ನೀರಿನ ತೊಟ್ಟಿಯ ಹತ್ತಿರ ಅವುಗಳ ಕಿವಿಗೆ ಆಯಾ ಮನೆಯ ಗುರುತು ಹಾಕುವ ಪದ್ಧತಿ ನಮ್ಮದು. ಒಂದು ಮನೆಗೆ ತುದಿ ಸೀಳುವುದು, ಒಂದು ಮನೆಗೆ ಅಂಚಿನಲ್ಲಿ ಕಚ್ಚು. ಆ ಕೆಲಸ ಕಾಯುವವರದು. ಕಿವಿಗೆ ಚಾಕು ಹಿಡಿಯುವವಳು ಕೊರಳಿಗೂ ಕತ್ತರಿ ಹಿಡಿಯುತ್ತಾಳೆ ಎಂದುಕೊಂಡರು.

ಆ ದಿನ ನೇಸಾ ಮೊಣಕಾಲ ನಡುವೆ ಮರಿ ಹಿಡಿದು, ಸರಸರನೆ ಕಿವಿಗಳನ್ನು ಮುಗಿಸಿದಳು. ಮುರೇತ್ಸಿ ಮುಂದೆ ಬಂದು ಹೊಸ ಕತ್ತರಿಯನ್ನು ಅವಳ ತೊಡೆಯ ಮೇಲಿಟ್ಟ.

"ಇದೇನು, ನನ್ನ ಕೂದಲು ಕತ್ತರಿಸ್ತೀಯಾ?" ಎಂದಳು.

"ಹುಡುಗಾಟ ಬೇಡ ನೇಸಾ. ಸಭೇಲಿ ಗೊತ್ತಾಗಿದೆಯಲ್ಲ. ಕೊಯ್ಯಿ."

"ಯಾಕೆ?"

"ಯಾಕೆ ಅಂದರೆ? ಈಗ ತಾನೇ ಅಷ್ಟೊಂದು ಕಿವಿ ಕೊಯ್ದೆ, ಒಂದು ಸಲಾನೂ ಯಾಕೆ ಅಂತ ಕೇಳಲಿಲ್ಲ!"

"ಕಿವಿ ಕೊಯ್ಯೋದು ತಪ್ಪಿಸಿಕೊಂಡ ಮರಿ ತನ್ನ ಮನೆ ಸೇರಲಿ ಅಂತ. ಇದನ್ನ ಕೊಯ್ದರೆ ಯಾವ ಮರಿ ಯಾವ ಮನೆ ಸೇರುತ್ತೆ, ಹೇಳು."

ಸುತ್ತಲಿದ್ದವರು ನಕ್ಕರು. ಮುರೇತ್ಸಿಯ ಮುಖ ಕೆಂಪಾಯಿತು.

"ನಿನಗೆ ಯಾಕೆ ಅಷ್ಟು ಉರಿ ಅಂತ ಊರಿಗೆಲ್ಲ ಗೊತ್ತು. ಡಾಕ್ಟರು ಬಂದು ನಿನ್ನ ಕೊರಳದ್ದನ್ನ ಕೊಯ್ದು ಕೊಡ್ತೀನಿ ಅಂದಾಗಲೂ ನೀನು ಬಿಡಲಿಲ್ಲ."

ನಗು ನಿಂತಿತು. ಅಷ್ಟು ಎದುರಿಗೇ ಆ ಮಾತನ್ನು ಯಾರೂ ಆಡಿರಲಿಲ್ಲ. ನೇಸಾ ಕತ್ತರಿಯನ್ನು ಎತ್ತಿ, ಹಿಂದೆ ಮುಂದೆ ನೋಡಿ, ಅವನ ಜೇಬಿಗೇ ಸಿಕ್ಕಿಸಿದಳು.

"ಹೌದಪ್ಪ, ಬಿಡಲಿಲ್ಲ. ಡಾಕ್ಟರು ಬೇಕಾ ಬೇಡವಾ ಅಂತ ನನ್ನನ್ನ ಕೇಳಿದರು, ಬೇಡ ಅಂದೆ. ನೀನು ಈ ಮರಿಗಳನ್ನ ಕೇಳಿದ್ದೀಯಾ? ಕೇಳಿ, ಹೂಂ ಅಂದರೆ ನನಗೆ ಹೇಳಿ ಕಳಿಸು, ಬರ್ತೀನಿ."

ಕೊಂಬನ್ನು ಹೆಗಲಿಗೇರಿಸಿಕೊಂಡು ಎದ್ದು ಹೋದಳು. ಮುರೇತ್ಸಿ ತಾನೇ ಕೂತು ಕೊಯ್ದ. ನಿಜ ಹೇಳಬೇಕೆಂದರೆ ಅದೊಂದು ದೊಡ್ಡ ನೋವಲ್ಲ. ಮರಿ ಒಮ್ಮೆ ಕಿರುಚುತ್ತದೆ, ಎರಡು ಹನಿ ರಕ್ತ ಬರುತ್ತದೆ, ಮರುಕ್ಷಣ ತಾಯಿಯ ಕೆಚ್ಚಲಿಗೆ ಬಾಯಿ ಹಾಕುತ್ತದೆ. ನೇಸಾಳಿಗೂ ಅದು ಗೊತ್ತಿತ್ತು. "ನೋವಿನ ಮಾತು ನಾನೆಲ್ಲಿ ಆಡಿದೆ? ಅದು ಅದರದು. ನಮ್ಮದಲ್ಲ. ಅಷ್ಟೇ" ಎನ್ನುತ್ತಿದ್ದಳು. ನಮ್ಮ ಮನೆಯ ಮತ್ತು ತುರ್ತೇಯ ಮರಿಗಳು ಹಾಗೇ ಉಳಿದವು. ಅಪ್ಪನಿಗೆ ಸಭೆಯಲ್ಲಿ ದಂಡ ಬಿತ್ತು.

ಊರ ಮಾತು ಮೀರಿದವಳಿಗೆ ಊರಿನ ಅನ್ನ ಯಾಕೆ ಎಂದು ಮುರೇತ್ಸಿ ತನ್ನ ಸರದಿಯ ದಿನ ಬಾಗಿಲು ಹಾಕಿಕೊಂಡ. ಅವನನ್ನು ನೋಡಿ, ನಮ್ಮ ಮನೆ, ತುರ್ತೇಯ ಮನೆ ಬಿಟ್ಟು, ಇನ್ನುಳಿದವರೂ ಹಾಕಿಕೊಂಡರು. ಬೇರೆ ಯಾರಾದರೂ ಆಗಿದ್ದರೆ ಮನೆಗೆ ಹೋಗಿ ಒಬ್ಬರೇ ಉಣ್ಣುತ್ತಿದ್ದರು. ನೇಸಾ ಹಾಗೆ ಮಾಡಲಿಲ್ಲ. ಸಂಜೆ ಆಡುಗಳನ್ನು ಬಿಟ್ಟು, ಅವತ್ತು ಯಾರ ಸರದಿಯೋ ಅವರ ಹೊಸ್ತಿಲ ಮೇಲೇ ಕೂತು, ಮಡಿಲಿನಿಂದ ಸುಟ್ಟ ಚೆಸ್ಟ್‌ನಟ್ ಬೀಜ ತೆಗೆದು, ಕಟಕಟ ಸಿಪ್ಪೆ ಒಡೆದು ತಿನ್ನುತ್ತಿದ್ದಳು. ಒಳಗಿದ್ದವರು ನೀರಿಗೆ ಹೋಗಬೇಕಾದರೂ ಅವಳನ್ನು ದಾಟಿಕೊಂಡೇ ಹೋಗಬೇಕು.

"ಸ್ವಲ್ಪ ಸರಿ ನೇಸತ್ತೆ" ಎಂದು ಸೊಸೆಯಂದಿರು ಗೋಗರೆಯುತ್ತಿದ್ದರು.

"ಊಟ ಮಾಡ್ತಿದೀನಿ ಕಣಮ್ಮ. ನಿಮ್ಮ ಮನೇದೇ ಊಟ. ಮಧ್ಯದಲ್ಲಿ ಏಳಬಾರದು."

ಆ ಶರತ್ಕಾಲ ಮುರೇತ್ಸಿ ಊರಿನ ಹಣದಲ್ಲಿ ಘಾಟಿಯಾಚೆಯಿಂದ ಒಂದು ಹೋತವನ್ನು ತಂದ. ಮರಿಯ ಕೊರಳು ಅಪ್ಪನ ಕೊರಳು ಎಂಬುದು ನಮ್ಮೂರಿನ ನಂಬಿಕೆ. ನಯಗೊರಳಿನ ಹೋತ ಬಂದರೆ ಇನ್ನು ಕತ್ತರಿಯೂ ಬೇಡ ಎಂದು ಎಲ್ಲರಿಗೂ ಸಂತೋಷ. ನಮ್ಮ ಹಳೆಯ ಹೋತಕ್ಕೆ ಜೋಡಿ ಕಿರುಗಂಟೆ ಇತ್ತು. ಅದನ್ನು ಕಟುಕನಿಗೆ ಕೊಟ್ಟರು. ಹೊಸದು ಬಂದ ದಿನ ಪ್ರದರ್ಶನದ ರಿಬ್ಬನ್ನು ಕೊಂಬಿನಲ್ಲಿ ಹಾರಾಡುತ್ತಿತ್ತು. ಏನು ಗತ್ತು! ಜಾಕೆನ್ ಅದಕ್ಕೆ ದೊರೆ ಎಂದು ಹೆಸರಿಟ್ಟ.

ದೊರೆಯ ವಾಸ ನೇಸಾಳ ಮನೆಯ ಕೆಳಗಿನ ಕೊಟ್ಟಿಗೆಯಲ್ಲಿ ತಾನೇ? ಅವಳು ಹಗ್ಗ ಕೈಗೆ ತೆಗೆದುಕೊಂಡು, ಹೋತದ ಕೊರಳು ಕೆರೆದು, ಕೆರೆದಲ್ಲೇ ಕೈ ನಿಲ್ಲಿಸಿದಳು.

"ಮುರೇತ್ಸಿ, ಇದಕ್ಕೂ ಯಾರೋ ಕತ್ತರಿ ಇಟ್ಟಿದಾರೆ ಮಗನೆ. ಗಂಟು ಕೈಗೆ ಸಿಗ್ತದೆ ನೋಡು."

"ಅದು ಪಟ್ಟಿ ಉಜ್ಜಿದ ಗಾಯ."

"ಎರಡೂ ಕಡೆ, ಒಂದೇ ಸಮಕ್ಕೆ ಉಜ್ಜಿತಾ?"

"ನಿನ್ನ ಹೊಟ್ಟೆಕಿಚ್ಚಿಗೆ ಒಂದಿಷ್ಟು ಹಸಿ ಹುಲ್ಲು ಹಾಕು ನೇಸಾ, ಹೊಗೆ ಬರ್ತಿದೆ" ಎಂದ ಅವನು. ಎಲ್ಲರೂ ಹೋ ಎಂದು ನಕ್ಕರು. ಆ ದಿನ ನಗು ಅವನ ಕಡೆಗಿತ್ತು. ನೇಸಾ ಹೆಗಲು ಕುಣಿಸಿ ಹೋತವನ್ನು ಒಳಗೆ ಕಟ್ಟಿದಳು.

ಚಳಿಗಾಲ ಕಳೆದು ಆಡುಗಳು ಈಯತೊಡಗಿದವು. ಮೊದಲು ಈದದ್ದು ಮುರೇತ್ಸಿಯ ಮನೆಯ ದೊಡ್ಡ ಆಡೇ. ಅವಳಿ ಮರಿ, ಎರಡಕ್ಕೂ ಒದ್ದೆ ಕೊರಳಿನಲ್ಲಿ ಜೋಡಿ ಕಿರುಗಂಟೆ. ಆಮೇಲೆ ಪಕ್ಕದ ಮನೆಯಲ್ಲಿ. ಆಮೇಲೆ ಕೆಳಬೀದಿಯಲ್ಲಿ. ಕೊಟ್ಟಿಗೆ ಕೊಟ್ಟಿಗೆಯಲ್ಲೂ ಜನ ದೀಪ ಹಿಡಿದು ಮರಿಯ ಗಂಟಲು ನೋಡುವುದು, ನಿಟ್ಟುಸಿರು ಬಿಡುವುದು. ಕೆಲವಕ್ಕೆ ಇರಲಿಲ್ಲ, ಹೆಚ್ಚಿನವಕ್ಕೆ ಇತ್ತು.

ಮರಿಯ ಕೊರಳು ಅಪ್ಪನ ಕೊರಳು. ಹಾಗಾದರೆ ಅಪ್ಪ ಯಾರು? ದೊರೆಯಂತೂ ಅಲ್ಲ. ಅಲ್ಲಿಗೆ ಎಲ್ಲರ ಬೆರಳು ನೇಸಾಳ ಕಡೆಗೆ ತಿರುಗಿತು. ಹಗಲೆಲ್ಲ ಆಡುಗಳು ಇರುತ್ತಿದ್ದದ್ದು ಅವಳ ಜೊತೆಯಲ್ಲಿ. ಹೊಳೆಯಾಚೆಯ ಊರಿನ ಹೋತಕ್ಕೆ ಕಿರುಗಂಟೆ ಇದೆ. ಹಟಕ್ಕೆ ಬಿದ್ದು ನಮ್ಮ ಆಡುಗಳನ್ನು ಅಲ್ಲಿಗೆ ಬಿಟ್ಟಿದ್ದಾಳೆ ಎಂದರು. ಕಾಯುವವರ ಮೇಲೆ ಇದಕ್ಕಿಂತ ಕೆಟ್ಟ ಮಾತು ನಮ್ಮಲ್ಲಿಲ್ಲ. ಕಳ್ಳಿ ಎಂದರೂ ಇಷ್ಟಾಗುವುದಿಲ್ಲ.

ಭಾನುವಾರ ಪೂಜೆ ಮುಗಿದ ಮೇಲೆ ಊರೆಲ್ಲ ತೊಟ್ಟಿಯ ಸುತ್ತ ಸೇರಿತು. ಮುರೇತ್ಸಿ ತೊಟ್ಟಿಯ ಕಟ್ಟೆಯ ಮೇಲೆ ಹತ್ತಿ ನಿಂತಿದ್ದ. ನೇಸಾ ತನ್ನ ಮನೆಯ ಮೆಟ್ಟಿಲ ಮೇಲೆ ಕೂತಿದ್ದಳು, ಕಾಲುಚೀಲ ಹೊಲಿಯುತ್ತ.

"ಒಪ್ಪಿಕೋ ನೇಸಾ. ಹೊಳೆ ದಾಟಿಸಿದೆ ತಾನೇ?"

"ಹಿಂದಿನ ವರ್ಷ ನಾನು ಹೇಳಿದ್ದನ್ನ ನೀನು ಕೇಳಲಿಲ್ಲ. ಈ ವರ್ಷ ಕೇಳ್ತೀಯಾ? ಸುಮ್ಮನೆ ಯಾಕೆ ಉಸಿರು ಖರ್ಚು ಮಾಡಲಿ" ಎಂದು ಅವಳು ದಾರವನ್ನು ಹಲ್ಲಲ್ಲಿ ಕಡಿದಳು.

ಆಗ ಮಾತಾಡಿದವಳು ಮುರೇತ್ಸಿಯ ಹೆಂಡತಿ ಮೆಂಗಾ. ಅವಳು ಹತ್ತು ಜನರ ನಡುವೆ ಬಾಯಿ ತೆರೆದದ್ದನ್ನು ಊರು ಕಂಡಿರಲಿಲ್ಲ. ಎಲ್ಲರೂ ಕೂಗಾಡುತ್ತಿರುವಾಗ ಅವಳು ನೇಸಾಳ ಮನೆಯ ಕೆಳಗಿನ ಕೊಟ್ಟಿಗೆಯಿಂದ ದೊರೆಯನ್ನು ಎಳೆದುಕೊಂಡು ಬಂದಿದ್ದಳು. ಇನ್ನೊಂದು ಕೈಯಲ್ಲಿ ಅವರದೇ ಮನೆಯ, ಹೋದ ವರ್ಷ ಕಿರುಗಂಟೆ ಕೊಯ್ದಿದ್ದ ಆಡು.

"ರೀ," ಎಂದಳು ಗಂಡನಿಗೆ, "ಇಲ್ಲಿ ಮುಟ್ಟಿ ನೋಡಿ. ಇದು ನೀವು ಕೊಯ್ದದ್ದು. ಈಗ ಇಲ್ಲಿ ಮುಟ್ಟಿ."

ಅವನು ಮುಟ್ಟಲಿಲ್ಲ. ಜಾಕೆನ್ ಮುಟ್ಟಿದ. ಇದನ್ನೊಮ್ಮೆ ಅದನ್ನೊಮ್ಮೆ ಮುಟ್ಟಿ, ಮತ್ತೆ ಮುಟ್ಟಿ, "ಅಯ್ಯಯ್ಯೋ! ಅಣ್ಣತಮ್ಮಂದಿರ ಹಾಗಿದೆಯಲ್ಲೋ!" ಎಂದ. ಆಮೇಲೆ ಊರೇ ಸಾಲುಗಟ್ಟಿ ಮುಟ್ಟಿತು. ನಾವು ಪಟ್ಟಣದವರಿಗೆ ತೋರಿಸಲು ಕತ್ತರಿ ಹಿಡಿದಿದ್ದೆವು. ಘಾಟಿಯಾಚೆಯವರು ನಮಗೆ ತೋರಿಸಲು ಅದಕ್ಕೂ ಮೊದಲೇ ಹಿಡಿದಿದ್ದರು. ಕೊಯ್ಯುವ ಕೈಯೇ ಕೊಯ್ದದ್ದನ್ನು ಗುರುತಿಸದೆ ಹೋಯಿತು. ಯಾರೋ ಒಬ್ಬರು ನಗಲು ಶುರುಮಾಡಿದರು, ಆಮೇಲೆ ತಡೆಯಲಾಗಲಿಲ್ಲ. ದೊರೆ ಗಡ್ಡ ಅಲ್ಲಾಡಿಸುತ್ತ ತೊಟ್ಟಿಯ ನೀರು ಕುಡಿಯುತ್ತಿತ್ತು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನಗೆಗೀಡಾದವನಿಗೆ ಅಲ್ಲಿಗೆ ಮುಗಿಯುವುದಿಲ್ಲ.

"ನಗ್ರಿ, ನಗ್ರಿ" ಎಂದು ಮುರೇತ್ಸಿ ಕಿರುಚಿದ. "ಹೋತ ಮೋಸದ್ದು, ಆಯ್ತು, ಬೇರೆ ತರೋಣ. ಸಭೆಯ ಮಾತು ಮೋಸದ್ದಲ್ಲ! ಈ ಮರಿಗಳದ್ದೂ ಕೊಯ್ಯಬೇಕು. ಪ್ರತಿ ವರ್ಷ ಕೊಯ್ಯಬೇಕು. ಕಾಯೋರ ಮನೇಲಿ ಇರಬೇಕಾದರೆ ಕಾಯೋರ ಕೆಲಸ ಮಾಡಬೇಕು. ಕೊಯ್ಯಿ ನೇಸಾ, ಇಲ್ಲಾ ಮನೆ ಬಿಡು. ಊರೇ ಹೇಳಲಿ!"

ಒಬ್ಬ ತನ್ನ ಬೂಟು ನೋಡಿಕೊಂಡ, ಇನ್ನೊಬ್ಬ ಇಗರ್ಜಿಯ ಗೋಪುರ ನೋಡಿದ. ಎಲ್ಲರೂ ಈಗಷ್ಟೇ ನಕ್ಕವರೇ. ನಮ್ಮಮ್ಮ ಮುಂದೆ ಹೆಜ್ಜೆ ಇಡಲು ಹೋದಳು. ಅಪ್ಪ ತೋಳು ಹಿಡಿದುಕೊಂಡ.

ನೇಸಾ ಕಾಲುಚೀಲವನ್ನು ಮಡಿಚಿ ಪಕ್ಕಕ್ಕಿಟ್ಟಳು.

"ನಾನು ಮನೆ ಬಿಟ್ಟರೆ ನೀನು ಕತ್ತರಿ ಬಿಡ್ತೀಯಾ?"

"ಏನಂದೆ?"

"ಕೇಳಿಸಿತಲ್ಲ. ನನಗೆ ಮನೆ ಬೇಡ. ನಿನಗೆ ಕತ್ತರಿ ಬೇಡ. ಈ ಮರಿಗಳಿಗೆ ಮಾತ್ರ ಅಲ್ಲ; ಇವುಗಳ ಮರಿಗಳಿಗೆ, ಆ ಮರಿಗಳ ಮರಿಗಳಿಗೆ. ಈ ಊರಲ್ಲಿ ಯಾರ ಕೈಯೂ ಏಳಬಾರದು. ಸಂತ ಮಾರ್ಟಿನನ ಹಬ್ಬದ ದಿನ ಬೀಗದಕೈ ನಿನ್ನ ಕೈಗೆ ಕೊಡ್ತೀನಿ. ಬಾ, ಕೈ ಹೊಡಿ."

ಸಂತ ಮಾರ್ಟಿನನ ಹಬ್ಬವೆಂದರೆ ಹಿಮ ಬೀಳುವ ಹೊತ್ತು. ಆಳುಗಳು ಮನೆ ಬದಲಿಸುವ ದಿನ. ಚಳಿಗಾಲದ ಬಾಯಲ್ಲಿ ಮುದುಕಿ ಎಲ್ಲಿಗೆ ಹೋದಾಳು? ಮುರೇತ್ಸಿಗೆ ನಗು ಬಂತು. ಕೆಳಗೆ ಹಾರಿ ಬಂದು ಅವಳ ಕೈ ಹಿಡಿದ. ನಮ್ಮಲ್ಲಿ ದನಕರುವಿನ ವ್ಯಾಪಾರವಾಗಲಿ, ಮಾತುಕತೆಯಾಗಲಿ, ಹೀಗೆ ಹಿಡಿದ ಕೈಗಳನ್ನು ಮೂರನೆಯವನೊಬ್ಬ ತನ್ನ ಅಂಗೈಯಿಂದ ಹೊಡೆದು ಬಿಡಿಸಬೇಕು. ಬಿಡಿಸಿದ ಮೇಲೆ ಒಬ್ಬರಿಗೊಬ್ಬರು ಬದ್ಧರು. ಒಬ್ಬರು ತಪ್ಪಿದರೆ ಇನ್ನೊಬ್ಬರ ಕಟ್ಟೂ ಬಿಚ್ಚುತ್ತದೆ.

"ಹೊಡಿಯೋ ಜಾಕೆನ್" ಎಂದಳು ನೇಸಾ. ಅವನು ಕೈ ಹಿಂದಕ್ಕೆಳೆದುಕೊಂಡ. "ಹೊಡಿ ಅಂದೆ!"

ಜಾಕೆನ್ ಕಣ್ಣು ಮುಚ್ಚಿಕೊಂಡು ಹೊಡೆದ.

ಆ ಬೇಸಿಗೆಯೆಲ್ಲ ಅವಳು ಎಂದಿನಂತೆ ಆಡು ಕಾದಳು. ಮರಿಗಳು ಕಿರುಗಂಟೆ ಕುಣಿಸಿಕೊಂಡು ಬಂಡೆಯಿಂದ ಬಂಡೆಗೆ ಹಾರಿದವು. ಮುಚ್ಚಿದ್ದ ಬಾಗಿಲುಗಳು ಒಂದೊಂದಾಗಿ ತೆರೆದವು. ನಾಚಿಕೆಗೆ ಗಂಜಿ ಗಟ್ಟಿಯಾಯಿತು, ಒಣಮಾಂಸದ ಚೂರುಗಳೂ ತೇಲಿದವು. ಎಲ್ಲರೂ ಒಳ್ಳೆಯ ಮಾತಲ್ಲಿ ಅವಳ ಮನಸ್ಸು ತಿರುಗಿಸಲು ನೋಡುವವರೇ.

ತುರ್ತೇ ನಮ್ಮ ಅಡುಗೆಮನೆಯಲ್ಲಿ ಅವಳನ್ನು ಹಿಡಿದು ಕೂರಿಸಿ ಬೈದಳು. "ನಿನಗೆ ಬುದ್ಧಿ ನೆಟ್ಟಗಿದೆಯೇನೇ? ಒಂದು ಚೂರು ಚರ್ಮಕ್ಕೆ ಇರೋ ಮನೆ ಕೊಡ್ತಾರೇನೇ?"

"ಒಂದು ಚೂರು ಚರ್ಮಕ್ಕೆ ನನ್ನನ್ನ ಮನೆಯಿಂದ ಹಾಕಬಹುದು ಅಂತ ಊರಿಗೆ ಅನ್ನಿಸ್ತಲ್ಲ, ಆಗ ನೀನು ಎಲ್ಲಿದ್ದೆ?"

ತುರ್ತೇ ಅತ್ತುಬಿಟ್ಟಳು. ಅವಳೂ ಆ ದಿನ ಗೋಪುರ ನೋಡಿದವಳೇ. ನೇಸಾ ಅವಳ ಬೆನ್ನು ತಟ್ಟಿ, "ಅಳಬೇಡ ಮಾರಾಯ್ತಿ, ಉಪ್ಪು ಜಾಸ್ತಿಯಾಗುತ್ತೆ" ಎಂದು ತನ್ನ ತಟ್ಟೆಯನ್ನು ಈಚೆಗೆಳೆದುಕೊಂಡಳು.

ಹೊಳೆಯಾಚೆಯ ಊರಿನವರು ಅವಳಿಗೆ ಜಾಗ ಕೊಡಲು ಒಪ್ಪಿದ್ದರು. ಮನೆಯೆಂದು ಹೇಳುವ ಹಾಗಿರಲಿಲ್ಲ. ಹುಲ್ಲು ಕೂಡಿಡುವ ಮರದ ಕಟ್ಟಡದ ಮೂಲೆಯಲ್ಲೊಂದು ಕೋಣೆ. ಗೋಡೆಯ ಸಂದಿನಲ್ಲಿ ಪಾಚಿ ತುರುಕಿ ಗಾಳಿ ತಡೆಯಬೇಕು. ಅಲ್ಲಿನ ಆಡುಗಳಿಗೆ ಈಗಾಗಲೇ ಕಾಯುವವನಿದ್ದ. ಅಲ್ಲಿ ಅವಳು ಬರಿಯ ಮುದುಕಿ. ಅದು ಅವಳಿಗೆ ಗೊತ್ತಿತ್ತು, ನಮಗೂ ಗೊತ್ತಿತ್ತು.

ಸಂತ ಮಾರ್ಟಿನನ ಹಬ್ಬದ ಬೆಳಿಗ್ಗೆ ಮೋಡ ಕೆಳಗಿಳಿದು ಸಣ್ಣಗೆ ಹಿಮ ಉದುರುತ್ತಿತ್ತು. ಜನ ತಮ್ಮ ತಮ್ಮ ಬಾಗಿಲಲ್ಲಿ ನಿಂತಿದ್ದರು. ನೇಸಾ ಕೊಂಬನ್ನು ಗೋಡೆಯ ಮೊಳೆಗೆ ತೂಗುಹಾಕಿದಳು, ಅದು ಊರಿನದು. ಒಲೆಯ ಬೂದಿ ತೆಗೆದು, ನೆಲ ಗುಡಿಸಿ, ಹಾಸಿಗೆಯನ್ನು ಹಗ್ಗದಲ್ಲಿ ಕಟ್ಟಿ ಬೆನ್ನಿಗೆ ಹೊತ್ತಳು. ಅವಳ ಸ್ವಂತದ ಆಡು ಒಂದೇ, ಅದು ಮೆಟ್ಟಿಲ ಕೆಳಗೆ ಕಾಯುತ್ತಿತ್ತು.

ಮುರೇತ್ಸಿ ಟೋಪಿ ಕೈಯಲ್ಲಿ ಹಿಡಿದು ಬಂದ. ಅವನ ಹಿಂದೆ ಮೆಂಗಾ. ಬೇಸಿಗೆಯಲ್ಲಿ ಅವನ ಹಳೆಯ ನಗು ಎಲ್ಲೋ ಕಳೆದುಹೋಗಿತ್ತು.

"ಒಳಗೆ ಹೋಗು ನೇಸಕ್ಕ" ಎಂದ. ಅವನು ಅವಳನ್ನು ಅಕ್ಕ ಎಂದದ್ದು ಅದೇ ಮೊದಲು. "ಸಾಕು. ಗೆದ್ದೆಯಲ್ಲ. ನಾನು ನಿನ್ನನ್ನ ಮಾತಿನಿಂದ ಬಿಟ್ಟಿದ್ದೀನಿ, ಇಷ್ಟು ಜನರ ಮುಂದೆ. ಒಳಗೆ ಹೋಗಿ ಒಲೆ ಹಚ್ಚು."

ನೇಸಾಳ ಕೈ ಬಾಗಿಲ ಚೌಕಟ್ಟಿನ ಮೇಲಿತ್ತು; ಅಷ್ಟು ವರ್ಷ ಹಿಡಿದು ಹಿಡಿದು ಅಲ್ಲಿನ ಮರ ನುಣುಪಾಗಿತ್ತು. ಆ ಕೈ ಅಲ್ಲಿಂದ ಬೇಗ ಏಳಲಿಲ್ಲ ಎಂದು ನಮ್ಮಮ್ಮ ಹೇಳುತ್ತಿದ್ದಳು.

"ನೀನು ನನ್ನನ್ನ ಬಿಟ್ಟರೆ ನಾನೂ ನಿನ್ನನ್ನ ಬಿಡಬೇಕಾಗುತ್ತಲ್ಲ ಮಗನೆ" ಎಂದಳು. "ನಾನು ಈ ಮನೇಲಿ ಉಳಿದರೆ ನಿನ್ನ ಕತ್ತರೀನೂ ಊರಲ್ಲಿ ಉಳಿಯುತ್ತೆ. ನೀನು ಇವತ್ತು ಒಳ್ಳೆಯವನು. ನಾಳೆ ಪಟ್ಟಣದಲ್ಲಿ ಇನ್ನೊಂದು ಪ್ರದರ್ಶನ ಆಗುತ್ತೆ. ನಾನು ನಿನ್ನನ್ನ ಬಿಡೋದಿಲ್ಲ."

"ಚಳಿಗೆ ಸಾಯ್ತೀಯಾ!"

"ಸತ್ತರೆ ಇನ್ನೂ ಒಳ್ಳೇದು. ಸತ್ತವಳ ಹತ್ತಿರ ನೀನು ಮಾತು ವಾಪಸ್ ಕೇಳೋಕಾಗಲ್ಲ."

ಬೀಗದಕೈಯನ್ನು ಅವನ ಟೋಪಿಯೊಳಗೆ ಹಾಕಿದಳು. ಮೆಂಗಾಳ ಕೆನ್ನೆ ತಟ್ಟಿದಳು. ಹಾಸಿಗೆಯ ಗಂಟನ್ನು ಒಮ್ಮೆ ಮೇಲಕ್ಕೆ ಎಗರಿಸಿ ಸರಿಮಾಡಿಕೊಂಡು, ತೆರೆದ ಕೊರಳಿಗೆ ಹಿಮ ಬೀಳುತ್ತಿರುವಾಗಲೇ ಮೆಟ್ಟಿಲಿಳಿದು, ಆಡಿನ ಹಗ್ಗ ಹಿಡಿದಳು. ಹಿಂದೆ ಬಾಗಿಲು ಹಾರುಹೊಡೆದಿತ್ತು.

"ಬಾಗಿಲು?" ಎಂದ ಮುರೇತ್ಸಿ.

"ನೀನೇ ಹಾಕು" ಎಂದಳು ತಿರುಗಿ ನೋಡದೆ. "ಮನೆ ಈಗ ನಿನ್ನದು."